ಧುಮ್ಮಿಕ್ಕುವ ನೀರಿಗೆ ಚೌಕಟ್ಟು

ಜಲಪಾತದ ಚಿತ್ರದಲ್ಲಿ ಆಕಾಶ ಬಿಟ್ಟರೆ ಎಲ್ಲಕ್ಕಿಂತ ಬೆಳ್ಳಗಿರುವುದು ನೀರು. ಎಲ್ಲಕ್ಕಿಂತ ವೇಗವಾಗಿ ಚಲಿಸುವುದೂ ನೀರೇ. ಅದರ ಸುತ್ತ ಇರುವುದು ನೆನೆದು ಕಪ್ಪಾದ ಬಂಡೆ, ನೆರಳು ತುಂಬಿದ ಕಾಡು. ಕ್ಯಾಮೆರಾ ಹಿಡಿದವರಿಗೆ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಈ ಬಿಳುಪು ಮತ್ತು ಈ ಓಟದಿಂದಲೇ ಹುಟ್ಟುತ್ತವೆ. ಕಾಡಿಗೆ ಬೆಳಕು ಹೊಂದಿಸಿದರೆ ನೀರು ಸುಣ್ಣ ಬಳಿದ ಗೋಡೆಯಂತೆ ಸಪಾಟಾಗುತ್ತದೆ. ನೀರಿಗೆ ಹೊಂದಿಸಿದರೆ ಕಾಡು ಕತ್ತಲಾಗುತ್ತದೆ. ಷಟರ್ ಬೇಗ ಮುಚ್ಚಿದರೆ ಹನಿಗಳು ಗಾಳಿಯಲ್ಲೇ ನಿಲ್ಲುತ್ತವೆ; ತಡವಾಗಿ ಮುಚ್ಚಿದರೆ ಧಾರೆಯೆಲ್ಲ ಕರಗಿ ಒಂದಾಗುತ್ತದೆ. ಆದ್ದರಿಂದ ಜಲಪಾತದ ಎದುರು ಕ್ಯಾಮೆರಾ ಎತ್ತುವ ಮೊದಲೇ ಕೆಲವು ವಿಷಯಗಳು ತೀರ್ಮಾನವಾಗಬೇಕು: ಯಾವ ಬೆಳಕಿನಲ್ಲಿ ತೆಗೆಯುವುದು, ಎಲ್ಲಿ ನಿಲ್ಲುವುದು, ನೀರು ಹೇಗೆ ಕಾಣಬೇಕು, ಅದರ ಬಿಳುಪು ಎಷ್ಟಿರಬೇಕು. ಮೊದಲಿನದು ಸರಿಯಾದರೆ ಮುಂದಿನದು ಸುಲಭ.

ಬೆಳಕು ಮತ್ತು ಕಾಲ

ಬಿಸಿಲು ನೇರವಾಗಿ ಬಿದ್ದಾಗ ನೀರಿಗೂ ನೆರಳಿನ ಬಂಡೆಗೂ ನಡುವಿನ ಬೆಳಕಿನ ಅಂತರವು ಸೆನ್ಸರ್ ಹಿಡಿಯಬಲ್ಲ ವ್ಯಾಪ್ತಿಯನ್ನೇ ಮೀರಬಹುದು. ಆಗ ಎರಡರಲ್ಲಿ ಒಂದು ಕೈತಪ್ಪುತ್ತದೆ. ಮೋಡ ಮುಸುಕಿದಾಗ ಆಕಾಶವೆಲ್ಲ ಒಂದೇ ದೊಡ್ಡ ದೀಪವಾಗಿ ಬೆಳಕು ಎಲ್ಲ ಕಡೆಯಿಂದಲೂ ಸಮನಾಗಿ ಬರುತ್ತದೆ, ಅಂತರ ಕುಗ್ಗುತ್ತದೆ. ಪ್ರವಾಸಿಗರು ಬೇಸರಪಡುವ ಮೋಡದ ದಿನವೇ ಛಾಯಾಗ್ರಾಹಕರಿಗೆ ಒಳ್ಳೆಯ ದಿನ. ಮೋಡವಿಲ್ಲದಿದ್ದರೆ ಸೂರ್ಯ ಕಣಿವೆಯೊಳಗೆ ಇಣುಕುವ ಮೊದಲು ಅಥವಾ ಬೆಟ್ಟದ ಮರೆಗೆ ಸರಿದ ಮೇಲೆ ಜಲಪಾತ ಪೂರ್ತಿ ನೆರಳಿನಲ್ಲಿರುವ ಹೊತ್ತನ್ನು ಹುಡುಕಬೇಕು. ಜಲಪಾತ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ನಕ್ಷೆಯಲ್ಲಿ ನೋಡಿಕೊಂಡರೆ ಆ ಹೊತ್ತು ಯಾವುದೆಂದು ಮನೆಯಲ್ಲೇ ಅಂದಾಜಿಸಬಹುದು.

ಬಿಸಿಲು ಬೇಕಾಗುವ ಸಂದರ್ಭ ಮುಖ್ಯವಾಗಿ ಕಾಮನಬಿಲ್ಲಿನದು. ಅದು ಸೂರ್ಯನಿಗೆ ನೇರ ಎದುರಿನ ಬಿಂದುವಿನ ಸುತ್ತ ಸುಮಾರು 42 ಡಿಗ್ರಿಯ ವೃತ್ತದಲ್ಲಿ ಮೂಡುತ್ತದೆ. ಸೂರ್ಯ ಬೆನ್ನ ಹಿಂದಿರಬೇಕು, ತುಂತುರು ಮುಂದಿರಬೇಕು. ಸಮತಟ್ಟು ನೆಲದಲ್ಲಿ ನಿಂತವರಿಗೆ ಸೂರ್ಯ 42 ಡಿಗ್ರಿಗಿಂತ ಮೇಲೇರಿದರೆ ಬಿಲ್ಲು ಕಾಣುವುದಿಲ್ಲ. ಕಣಿವೆಯ ಅಂಚಿನಿಂದ ಕೆಳಗೆ ನೋಡುವವರಿಗೆ ಆಮೇಲೂ ಕಾಲಡಿಯ ತುಂತುರಿನಲ್ಲಿ ಕಾಣಿಸಬಹುದು.

ಕಾಲದ ಲೆಕ್ಕವೂ ಬೆಳಕಿನಷ್ಟೇ ಮುಖ್ಯ. ನೀರು ಬೆಳ್ಳಗೆ ಕಾಣುವುದು ಅದು ಒಡೆದು ಹನಿಗಳಾಗಿ, ಗಾಳಿಯನ್ನು ಬೆರೆಸಿಕೊಂಡು ಗುಳ್ಳೆಗಳಾಗಿ, ಎಲ್ಲ ಬಣ್ಣದ ಬೆಳಕನ್ನೂ ಸಮನಾಗಿ ಚದುರಿಸುವುದರಿಂದ. ಮುಂಗಾರಿನ ಮೊದಲ ಅಬ್ಬರದಲ್ಲಿ ಹೊಳೆ ಕೆಮ್ಮಣ್ಣು ಹೊತ್ತು ಬರುತ್ತದೆ; ಆಗ ಧಾರೆಯ ಬಣ್ಣ ಕಂದು. ಘಟಪ್ರಭೆ ತುಂಬಿ ಹರಿಯುವಾಗ ಗೋಕಾಕದಲ್ಲಿ ಕಾಣುವುದು ಈ ಕಂದು ನೀರಿನ ರಭಸವೇ. ಮಳೆ ಹಿಂದೆ ಸರಿದಂತೆ ನೀರು ತಿಳಿಯಾಗುತ್ತದೆ, ಧಾರೆ ಎಳೆ ಎಳೆಯಾಗಿ ಬಿಡಿಸಿಕೊಂಡು ಹಿಂದಿನ ಬಂಡೆಯೂ ಕಾಣತೊಡಗುತ್ತದೆ. ಅಣೆಕಟ್ಟಿನ ಕೆಳಗಿರುವ ಜಲಪಾತಕ್ಕೆ ಇನ್ನೊಂದು ಲೆಕ್ಕವಿದೆ. ಜೋಗದ ಮೇಲ್ಭಾಗದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಇರುವುದರಿಂದ ಶರಾವತಿ ಅಲ್ಲಿ ಪೂರ್ಣ ಮೈದುಂಬುವುದು ಮಳೆ ಜೋರಾದಾಗ ಮತ್ತು ಗೇಟು ತೆರೆದಾಗ ಮಾತ್ರ. ನೀರು ತುಂಬಿದ್ದಾಗ ರಭಸವೇ ಚಿತ್ರದ ವಸ್ತು; ಸಣಕಲಾಗಿದ್ದಾಗ ಬಂಡೆಯ ಗೋಡೆ, ಅದರ ಬಿರುಕು ಮತ್ತು ಪದರಗಳು ವಸ್ತುವಾಗುತ್ತವೆ. ಆಗ ಓರೆಯಾಗಿ ಬೀಳುವ ಬೆಳಕು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಿಲ್ಲುವ ಜಾಗ, ಚೌಕಟ್ಟಿನ ಒಳಗು

ಜೋಗದ ಎತ್ತರ 253 ಮೀಟರ್. ಆದರೂ ಅದರ ಅಸಂಖ್ಯ ಚಿತ್ರಗಳಲ್ಲಿ ಆ ಎತ್ತರ ಕಾಣುವುದೇ ಇಲ್ಲ. ಬಂಡೆಗೋಡೆ, ಬಿಳಿ ಗೆರೆಗಳು, ಒಂದಿಷ್ಟು ಹಸಿರು. ಇಷ್ಟರಿಂದ ಅದು 25 ಮೀಟರೋ 250 ಮೀಟರೋ ಎಂದು ಹೇಳಲು ಕಣ್ಣಿಗೆ ಆಧಾರ ಸಿಗುವುದಿಲ್ಲ. ಗಾತ್ರ ತಿಳಿಯಬೇಕಾದರೆ ಅಳತೆ ಗೊತ್ತಿರುವ ಒಂದು ವಸ್ತು ಚೌಕಟ್ಟಿನಲ್ಲಿರಬೇಕು: ಬಂಡೆಯ ನೆತ್ತಿಯ ಮರಗಳ ಸಾಲು, ಧಾರೆಯ ಮುಂದೆ ಹಾರುವ ಹಕ್ಕಿ, ದೂರದ ಕಟಕಟೆಯ ಬಳಿ ನಿಂತ ಮನುಷ್ಯ. ಗೋಕಾಕದಲ್ಲಿ ಈ ಕೆಲಸವನ್ನು ನದಿಯ ಮೇಲಿನ ತೂಗುಸೇತುವೆ ಮಾಡುತ್ತದೆ. ಅಳತೆಗೋಲಾಗುವ ವಸ್ತು ಜಲಪಾತದಷ್ಟೇ ದೂರದಲ್ಲಿರಬೇಕು ಎಂಬುದು ಮುಖ್ಯ. ಕ್ಯಾಮೆರಾದ ಹತ್ತಿರ ನಿಂತ ವ್ಯಕ್ತಿ ಜಲಪಾತವನ್ನು ಇನ್ನಷ್ಟು ಕುಳ್ಳಾಗಿಸುತ್ತಾನೆ.

ಲೆನ್ಸ್‌ನ ಆಯ್ಕೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ವೈಡ್ ಆಂಗಲ್ ಲೆನ್ಸ್ ಹತ್ತಿರದ್ದನ್ನು ಹಿಗ್ಗಿಸಿ ದೂರದ್ದನ್ನು ಕುಗ್ಗಿಸುತ್ತದೆ. ವೀಕ್ಷಣಾ ಕಟ್ಟೆಯಿಂದ ಅದನ್ನು ಬಳಸಿದರೆ ಜಲಪಾತ ಹಸಿರಿನ ನಡುವೆ ಒಂದು ಬಿಳಿ ಗೀಟಾಗಿ ಉಳಿಯುತ್ತದೆ. ಅದು ಒದಗಿಬರುವುದು ಬುಡದ ಹತ್ತಿರ ಹೋಗಲು ಸಾಧ್ಯವಿರುವ ಚಿಕ್ಕ ಅಬ್ಬಿಗಳಲ್ಲಿ. ಅಲ್ಲಿ ಮುಂದಿನ ಬಂಡೆ, ಸುಳಿಯುವ ನೊರೆ, ಕಲ್ಲಿನ ಸಂದಿನ ಜರಿಗಿಡ ಮುನ್ನೆಲೆಗೆ ಬಂದು ಚಿತ್ರಕ್ಕೆ ಆಳ ಕೊಡುತ್ತವೆ. ಜೋಗ, ಮಾಗೋಡು, ಉಂಚಳ್ಳಿಯಂತೆ ಕಣಿವೆಯ ಆಚೆಯಿಂದ ನೋಡುವ ಜಲಪಾತಗಳಿಗೆ 70ರಿಂದ 200 ಮಿಲಿಮೀಟರಿನ ಟೆಲಿ ಲೆನ್ಸ್ ಹೆಚ್ಚು ಒಗ್ಗುತ್ತದೆ. ಜಲಪಾತವನ್ನು ಪೂರ್ತಿ ತುಂಬಿಸಲೇಬೇಕೆಂಬ ಹಟ ಬಿಟ್ಟರೆ, ಧಾರೆ ಬಂಡೆಗೆ ಬಡಿದು ಕವಲೊಡೆಯುವ ಒಂದು ತುಣುಕು, ಮಂಜಿನಿಂದ ಅರ್ಧ ಹೊರಬಂದ ಒಂದು ಮರ ಸ್ವತಂತ್ರ ಚಿತ್ರಗಳಾಗುತ್ತವೆ.

ಚೌಕಟ್ಟಿನಿಂದ ಏನನ್ನು ಹೊರಗಿಡಬೇಕು ಎಂಬ ಪ್ರಶ್ನೆಗೆ ಮಳೆಗಾಲದಲ್ಲಿ ಮೊದಲ ಉತ್ತರ ಆಕಾಶ. ಮೋಡದ ಆಕಾಶ ನೀರಿಗಿಂತಲೂ ಬೆಳ್ಳಗಿರುತ್ತದೆ. ನೋಡುವವರ ಕಣ್ಣು ಮೊದಲು ಅತ್ತ ಹೋಗುತ್ತದೆ, ನೀರು ಮಂಕಾಗುತ್ತದೆ. ಜಲಪಾತದ ನೆತ್ತಿಯ ಮೇಲೆ ಒಂದಿಷ್ಟು ಕಾಡು ಅಥವಾ ಬಂಡೆ ಉಳಿಸಿಕೊಂಡು ಅಲ್ಲಿಗೇ ಚೌಕಟ್ಟು ಮುಗಿಸಿದರೆ ಬಿಳುಪಿನ ಹಕ್ಕು ನೀರಿಗೆ ಮಾತ್ರ ಉಳಿಯುತ್ತದೆ. ಅಂಚುಗಳಲ್ಲಿ ಇಣುಕುವ ಒಂಟಿ ಕೊಂಬೆ, ಕಟಕಟೆಯ ಕಂಬಿ, ಪ್ಲಾಸ್ಟಿಕ್ ಚೀಲ ಇವೆಲ್ಲ ಎರಡು ಹೆಜ್ಜೆ ಸರಿದರೆ ಮರೆಯಾಗುವಂಥವು. ಕ್ಲಿಕ್ಕಿಸುವ ಮೊದಲು ಚೌಕಟ್ಟಿನ ನಾಲ್ಕು ಅಂಚುಗಳ ಸುತ್ತ ಒಮ್ಮೆ ಕಣ್ಣಾಡಿಸುವುದು ಒಳ್ಳೆಯ ಅಭ್ಯಾಸ.

ಬೀಳುವ ನೀರಿಗೆ ಆರಂಭವೂ ಇದೆ, ಕೊನೆಯೂ ಇದೆ. ಧಾರೆ ಮಡುವಿಗೆ ಬೀಳುವ ಜಾಗವನ್ನು ಕತ್ತರಿಸಿದ ಚಿತ್ರ ಅಪೂರ್ಣವಾಗಿ ತೋರುತ್ತದೆ; ಇಡೀ ಜಲಪಾತವೇ ವಸ್ತುವಾದಾಗ ಬುಡದಲ್ಲಿ ಸ್ವಲ್ಪ ಜಾಗ ಬಿಡಬೇಕು. ಬಿದ್ದ ನೀರು ಮುಂದೆ ಹರಿಯುವ ಹಳ್ಳ ಚೌಕಟ್ಟಿನ ಕೆಳಮೂಲೆಯಿಂದ ಒಳಬಂದು ಬಳಸಿಕೊಂಡು ಜಲಪಾತ ತಲುಪುವಂತೆ ನಿಂತರೆ ಕಣ್ಣಿಗೆ ದಾರಿ ಸಿಗುತ್ತದೆ. ಜಲಪಾತವನ್ನು ನಟ್ಟನಡುವೆ ನಿಲ್ಲಿಸುವ ಬದಲು ಮೂರನೇ ಒಂದು ಭಾಗಕ್ಕೆ ಸರಿಸಿ, ಹರಿವು ಸಾಗುವ ಕಡೆ ಜಾಗ ಬಿಡುವುದು ಬಹುತೇಕ ಕಡೆ ಹೊಂದುತ್ತದೆ. ಎರಡೂ ಪಕ್ಕದ ಬಂಡೆಗಳು ಒಂದಕ್ಕೊಂದು ಸರಿಸಮವಾಗಿದ್ದರೆ ಮಾತ್ರ ನಡುವಿನ ಸ್ಥಾನಕ್ಕೆ ಬಲ ಬರುತ್ತದೆ. ಎತ್ತರದಿಂದ ಬೀಳುವ ಒಂದೇ ಧಾರೆಗೆ ಉದ್ದ ಚೌಕಟ್ಟು, ಹರಡಿಕೊಂಡು ಹಲವು ಕವಲಾಗಿ ಬೀಳುವ ಭರಚುಕ್ಕಿಯಂಥದಕ್ಕೆ ಅಡ್ಡ ಚೌಕಟ್ಟು ಸಹಜ ಆಯ್ಕೆ. ಇದರ ತದ್ವಿರುದ್ಧವನ್ನೂ ಒಮ್ಮೆ ಪರೀಕ್ಷಿಸಬಹುದು: ಕಿರಿದಾದ ಧಾರೆಯನ್ನು ಅಡ್ಡ ಚೌಕಟ್ಟಿನಲ್ಲಿಟ್ಟರೆ ಅದರ ಸುತ್ತಲಿನ ಕಾಡಿನ ವಿಸ್ತಾರ ಎದ್ದು ಕಾಣುತ್ತದೆ.

ಷಟರ್ ಎಷ್ಟು ಹೊತ್ತು ತೆರೆದಿರಬೇಕು

ನೀರಿನ ರೂಪವನ್ನು ನಿರ್ಧರಿಸುವುದು ಷಟರ್. ಐದು ಮೀಟರ್ ಬಿದ್ದ ನೀರಿನ ವೇಗ ಗಾಳಿಯ ತಡೆ ಲೆಕ್ಕಿಸದಿದ್ದರೆ ಸೆಕೆಂಡಿಗೆ ಸುಮಾರು 10 ಮೀಟರ್. ಷಟರ್ 1/1000 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಒಂದು ಹನಿ ಸಾಗುವುದು ಒಂದು ಸೆಂಟಿಮೀಟರ್. ಹನಿ ಹನಿಯಾಗಿಯೇ ಕಾಣುತ್ತದೆ. 1/125 ಸೆಕೆಂಡಿನಲ್ಲಿ ಅದು 8 ಸೆಂಟಿಮೀಟರ್ ಸಾಗಿ ಚಿಕ್ಕ ಗೀರಾಗುತ್ತದೆ. 1/4 ಸೆಕೆಂಡಿನಲ್ಲಿ ಎರಡೂವರೆ ಮೀಟರ್ ಸಾಗಿ ಎಳೆಯಾಗುತ್ತದೆ. ಹಲವು ಸೆಕೆಂಡ್ ತೆರೆದಿಟ್ಟರೆ ಸಾವಿರಾರು ಹನಿಗಳ ಜಾಡು ಒಂದರ ಮೇಲೊಂದು ಬಿದ್ದು ಎಳೆಗಳೂ ಅಳಿಸಿ ಬರೀ ಬಿಳಿಯ ಪರದೆ ಉಳಿಯುತ್ತದೆ.

ದೂರವೂ ಈ ಲೆಕ್ಕದಲ್ಲಿದೆ. ಹತ್ತು ಮೀಟರ್ ದೂರದ ಝರಿಯನ್ನು 1/4 ಸೆಕೆಂಡಿನಲ್ಲಿ ತೆಗೆದಾಗ ಸಿಗುವ ಮೃದುತ್ವ, ಅದೇ ಲೆನ್ಸಿನಲ್ಲಿ ಅದೇ ವೇಗದ ನೀರನ್ನು ನೂರು ಮೀಟರ್ ದೂರದಿಂದ ತೆಗೆದರೆ ಸಿಗದು. ಹತ್ತು ಪಟ್ಟು ಸಮಯ, ಅಂದರೆ ಎರಡೂವರೆ ಸೆಕೆಂಡ್ ಬೇಕಾಗುತ್ತದೆ. ಆದ್ದರಿಂದ ಜಲಪಾತಕ್ಕೆ ಇಂಥದ್ದೇ ಷಟರ್ ಎಂಬ ಒಂದೇ ಸಂಖ್ಯೆಯ ಸೂತ್ರ ಕೆಲಸ ಮಾಡುವುದಿಲ್ಲ. ನೀರಿನ ವೇಗ, ದೂರ, ಲೆನ್ಸ್ ಮೂರನ್ನೂ ನೋಡಿ ಆರಂಭದ ಅಂದಾಜು ಮಾಡಿಕೊಂಡು, ಒಂದು ಚಿತ್ರ ತೆಗೆದು ಹಿಗ್ಗಿಸಿ ನೋಡಿ, ಬೇಕಾದತ್ತ ಸರಿಸಬೇಕು. ಹತ್ತಿರದ ಝರಿಗಳಿಗೆ 1/8ರಿಂದ 1 ಸೆಕೆಂಡ್ ಒಳ್ಳೆಯ ಆರಂಭ. ಈ ವ್ಯಾಪ್ತಿಯಲ್ಲಿ ನೀರು ಮೃದುವಾಗಿಯೂ ಎಳೆಗಳು ಉಳಿದೂ ಇರುತ್ತವೆ.

ಒಂದೇ ಜಲಪಾತದೊಳಗೂ ಉತ್ತರ ಬೇರೆ ಬೇರೆ ಇರಬಹುದು ಎಂಬುದಕ್ಕೆ ಜೋಗವೇ ಉದಾಹರಣೆ. ಅದರ ನಾಲ್ಕು ಕವಲುಗಳಲ್ಲಿ ರಾಜ ನೇರವಾಗಿ ಒಂದೇ ಧಾರೆಯಾಗಿ ಬೀಳುತ್ತದೆ. ರೋರರ್ ಬಂಡೆಯ ಸಂದಿನಿಂದ ಭೋರ್ಗರೆದು ನುಗ್ಗುತ್ತದೆ. ರಾಕೆಟ್ ಬಾಣ ಬಿಟ್ಟಂತೆ ಚಿಮ್ಮಿ ಚಿಮ್ಮಿ ಇಳಿಯುತ್ತದೆ. ರಾಣಿ ಬಂಡೆಯ ಮೈಯನ್ನು ಸವರಿಕೊಂಡು ನೊರೆಯಾಗಿ ಜಾರುತ್ತದೆ. ಷಟರ್ ನಿಧಾನವಾದಷ್ಟೂ ರಾಣಿಯ ನೊರೆ ಚೆಲುವಾಗುತ್ತದೆ. ಆದರೆ ರಾಕೆಟ್‌ನ ಮೊನೆಗಳು ಮಾಯವಾಗಿ ಅದರ ಸ್ವಭಾವವೇ ಅಳಿಸುತ್ತದೆ. 1/500 ಸೆಕೆಂಡಿಗಿಂತ ವೇಗದ ಷಟರಿನಲ್ಲಿ ರಾಕೆಟ್ ಜೀವ ತಳೆಯುತ್ತದೆ. ಪ್ರವಾಹದ ಕಂದು ನೀರಿಗೂ ವೇಗದ ಷಟರೇ ಸರಿ. ಅದರ ಉಬ್ಬರ, ಗಂಟುಗಳು, ಸಿಡಿತ ನಿಧಾನ ಷಟರಿನಲ್ಲಿ ಕಲಸಿಹೋಗುತ್ತವೆ.

ರೇಷ್ಮೆಯಂತೆ ನುಣುಪಾದ ನೀರು ಇಂದು ಆಯ್ಕೆ. ಒಂದು ಕಾಲಕ್ಕೆ ಅದು ಅನಿವಾರ್ಯವಾಗಿತ್ತು. ಕಾರ್ಲ್‌ಟನ್ ವಾಟ್ಕಿನ್ಸ್ 1861ರಲ್ಲಿ ಅಮೆರಿಕದ ಯೊಸೆಮಿಟಿ ಕಣಿವೆಯ ಜಲಪಾತಗಳನ್ನು ದೊಡ್ಡ ಗಾಜಿನ ಫಲಕಗಳ ಮೇಲೆ ಸೆರೆಹಿಡಿದಾಗ, ಆ ಕಾಲದ ಒದ್ದೆ ಫಲಕಗಳಿಗೆ ಬೆಳಕು ಸಾಲಬೇಕಾದರೆ ಲೆನ್ಸನ್ನು ಹಲವು ಸೆಕೆಂಡುಗಳ ಕಾಲ ತೆರೆದಿಡಲೇಬೇಕಿತ್ತು. ಬೀಳುವ ನೀರು ಬಿಳಿಯ ಮಬ್ಬಾಗಿ ಮೂಡುವುದನ್ನು ತಪ್ಪಿಸುವ ದಾರಿಯೇ ಇರಲಿಲ್ಲ.

ಬೆಳಕನ್ನು ತಗ್ಗಿಸುವ ಬಗೆ

ಹಗಲಿನಲ್ಲಿ ಷಟರನ್ನು ನಿಧಾನಗೊಳಿಸುವುದೆಂದರೆ ಒಳಬರುವ ಬೆಳಕನ್ನು ಬೇರೆ ಕಡೆಯಿಂದ ತಗ್ಗಿಸುವುದು. ಮೊದಲು ಐಎಸ್‌ಒವನ್ನು ಕ್ಯಾಮೆರಾದ ಮೂಲಮಟ್ಟಕ್ಕೆ, ಸಾಮಾನ್ಯವಾಗಿ 100ಕ್ಕೆ ಇಳಿಸಬೇಕು. ಆಮೇಲೆ ಅಪರ್ಚರ್ ಕಿರಿದು ಮಾಡಬೇಕು. ಆದರೆ ಎಫ್/16, ಎಫ್/22ರಂಥ ಸಣ್ಣ ಕಿಂಡಿಯ ಅಂಚಿನಲ್ಲಿ ಬೆಳಕು ಬಾಗಿ ಹರಡುವುದರಿಂದ ಚಿತ್ರದ ಮೊನಚು ತಗ್ಗುತ್ತದೆ. ಎಫ್/8ರಿಂದ ಎಫ್/11ರವರೆಗೆ ಹೆಚ್ಚಿನ ಲೆನ್ಸ್‌ಗಳು ಒಳ್ಳೆಯ ಫಲ ಕೊಡುತ್ತವೆ. ಹಳೆಯ ಲೆಕ್ಕದ ಪ್ರಕಾರ ಪೂರ್ಣ ಬಿಸಿಲಿನಲ್ಲಿ ಐಎಸ್‌ಒ 100, ಎಫ್/16ಕ್ಕೆ ಸರಿಹೊಂದುವ ಷಟರ್ 1/100 ಸೆಕೆಂಡ್. ಅಂದರೆ ಬಿಸಿಲಿನಲ್ಲಿ ಇವೆರಡನ್ನೇ ನೆಚ್ಚಿಕೊಂಡು ನೀರನ್ನು ಮೃದುವಾಗಿಸಲು ಆಗದು.

ಎನ್‌ಡಿ ಫಿಲ್ಟರ್ ಬೇಕಾಗುವುದು ಇಲ್ಲಿ. ಬಣ್ಣ ಬದಲಿಸದೆ ಬೆಳಕನ್ನಷ್ಟೇ ಕಡಿತಗೊಳಿಸುವ ಈ ಗಾಜಿನ ಶಕ್ತಿಯನ್ನು ಸ್ಟಾಪ್‌ಗಳಲ್ಲಿ ಅಳೆಯುತ್ತಾರೆ. ಒಂದೊಂದು ಸ್ಟಾಪ್ ಬೆಳಕನ್ನು ಅರ್ಧಕ್ಕಿಳಿಸುತ್ತದೆ. ಫಿಲ್ಟರ್ ಇಲ್ಲದಾಗ ಷಟರ್ 1/60 ಇದ್ದರೆ, ಮೂರು ಸ್ಟಾಪ್‌ನ ಎನ್‌ಡಿ 8 ಅದನ್ನು 1/8 ಸೆಕೆಂಡಿಗೆ, ಆರು ಸ್ಟಾಪ್‌ನ ಎನ್‌ಡಿ 64 ಒಂದು ಸೆಕೆಂಡಿಗೆ, ಹತ್ತು ಸ್ಟಾಪ್‌ನ ಎನ್‌ಡಿ 1000 ಸುಮಾರು 16 ಸೆಕೆಂಡಿಗೆ ಒಯ್ಯುತ್ತದೆ. ಜಲಪಾತಕ್ಕೆ ಮೂರು ಮತ್ತು ಆರು ಸ್ಟಾಪ್‌ಗಳವು ಹೆಚ್ಚು ಬಳಕೆಗೆ ಬರುತ್ತವೆ. ಹತ್ತರದ್ದು ಹೆಚ್ಚಾಗಿ ಬಿಸಿಲಿಗೆ, ಇಲ್ಲವೇ ಮಡುವಿನಲ್ಲಿ ತಿರುಗುವ ನೊರೆಯ ಸುರುಳಿ ಹಿಡಿಯುವುದಕ್ಕೆ.

ಒಂದೇ ಫಿಲ್ಟರ್ ಕೊಳ್ಳುವುದಾದರೆ ಅದು ಪೋಲರೈಸರ್ ಆಗಿರಬೇಕು. ಒದ್ದೆ ಬಂಡೆ, ಎಲೆ ಮತ್ತು ಮಡುವಿನ ಮೇಲಿನ ಬಿಳಿ ಮಿರುಗನ್ನು ಅದು ತೆಗೆಯುತ್ತದೆ. ಮಿರುಗಿನ ಕೆಳಗಿದ್ದ ಹಸಿರು, ಕಲ್ಲಿನ ಬಣ್ಣ, ತಿಳಿನೀರಿನ ತಳ ಹೊರಬರುತ್ತವೆ. ಈ ಪರಿಣಾಮವನ್ನು ಎಡಿಟಿಂಗ್‌ನಲ್ಲಿ ಪೂರ್ತಿ ತರಲಾಗದು, ಏಕೆಂದರೆ ಮಿರುಗು ಮುಚ್ಚಿದ ಬಣ್ಣ ಕಡತದಲ್ಲಿ ದಾಖಲಾಗಿರುವುದೇ ಇಲ್ಲ. ಜೊತೆಗೆ ಒಂದರಿಂದ ಎರಡು ಸ್ಟಾಪ್ ಬೆಳಕನ್ನೂ ಅದು ತಗ್ಗಿಸುತ್ತದೆ. ಬಳಸುವಾಗ ಉಂಗುರವನ್ನು ನಿಧಾನವಾಗಿ ತಿರುಗಿಸುತ್ತ ನೋಡಬೇಕು. ಮಿರುಗನ್ನು ಪೂರ್ತಿ ತೆಗೆದರೆ ಬಂಡೆ ಒದ್ದೆಯಾಗಿದೆ ಎಂಬುದೇ ಕಾಣದೆ ಸಪ್ಪೆಯಾಗಬಹುದು. ಕಾಮನಬಿಲ್ಲಿನ ಬೆಳಕೂ ಧ್ರುವೀಕೃತವಾದದ್ದು. ಉಂಗುರ ಒಂದು ಕಡೆ ತಿರುಗಿದರೆ ಬಿಲ್ಲು ಗಾಢವಾಗುತ್ತದೆ, ಇನ್ನೊಂದು ಕಡೆ ತಿರುಗಿದರೆ ಮಾಯವಾಗುತ್ತದೆ.

ಬಿಳುಪನ್ನು ಕಾಯುವುದು

ಕ್ಯಾಮೆರಾದ ಮೀಟರ್ ತಾನು ಅಳೆದ ದೃಶ್ಯವನ್ನು ಮಧ್ಯಮ ಬೂದು ಮಟ್ಟಕ್ಕೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಬಿಳಿನೀರೇ ಇದ್ದರೆ ಅದನ್ನೂ ಬೂದಾಗಿಸುತ್ತದೆ. ಆಗ ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಅಥವಾ ಅದಕ್ಕಿಂತ ತುಸು ಹೆಚ್ಚು ಏರಿಸಬೇಕು. ಚೌಕಟ್ಟಿನ ಬಹುಪಾಲು ಕಪ್ಪು ಬಂಡೆ, ಕಾಡು ಆಗಿದ್ದು ನೀರು ಸಣ್ಣ ಗೆರೆಯಾಗಿದ್ದರೆ ಮೀಟರ್ ಕತ್ತಲೆಯನ್ನು ಬೆಳಗಲು ಹೋಗಿ ನೀರಿನ ವಿವರವನ್ನು ಸುಟ್ಟುಬಿಡುತ್ತದೆ. ಆಗ ಒಂದು ಸ್ಟಾಪ್ ಅಥವಾ ಇನ್ನೂ ಹೆಚ್ಚು ಇಳಿಸಬೇಕು. ಕಂದು ನೀರಿಗೆ ಇಂಥ ತಿದ್ದುಪಡಿ ಅಷ್ಟಾಗಿ ಬೇಕಾಗುವುದಿಲ್ಲ, ಅದರ ಹೊಳಪು ಮಧ್ಯಮಕ್ಕೆ ಹತ್ತಿರವಿರುತ್ತದೆ.

ಇನ್ನೂ ಖಚಿತವಾದ ವಿಧಾನ ಸ್ಪಾಟ್ ಮೀಟರಿನದು. ಧಾರೆಯಲ್ಲಿ ಅತ್ಯಂತ ಬೆಳಗುವ, ಆದರೆ ವಿವರ ಉಳಿಯಲೇಬೇಕಾದ ಜಾಗವನ್ನು ಅಳೆದು, ಮೀಟರ್ ಹೇಳಿದ್ದಕ್ಕಿಂತ ಸುಮಾರು ಎರಡು ಸ್ಟಾಪ್ ಹೆಚ್ಚು ಬೆಳಕು ಕೊಟ್ಟರೆ ನೀರು ಬೆಳ್ಳಗಿದ್ದೂ ಎಳೆಗಳು ಉಳಿಯುತ್ತವೆ. ಛಾಯಾಗ್ರಾಹಕರಾದ ಆನ್ಸೆಲ್ ಆ್ಯಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ರೂಪಿಸಿದ ಜೋನ್ ಪದ್ಧತಿಯ ತಿರುಳೂ ಇದೇ: ಮಧ್ಯಮ ಬೂದು ಐದನೇ ಜೋನ್ ಆದರೆ ವಿವರವುಳ್ಳ ಬಿಳುಪು ಅದಕ್ಕಿಂತ ಎರಡು ಮೆಟ್ಟಿಲು ಮೇಲೆ, ಏಳನೆಯದರಲ್ಲಿ. ನೆಗೆಟಿವ್ ಫಿಲ್ಮ್‌ನಲ್ಲಿ ನೆರಳನ್ನು ಕಾಯುವುದು ವಾಡಿಕೆಯಾಗಿತ್ತು. ಡಿಜಿಟಲ್ ಸೆನ್ಸರ್‌ನಲ್ಲಿ ಕಾಯಬೇಕಾದದ್ದು ಬಿಳುಪನ್ನು. ನೆರಳನ್ನು ಆಮೇಲೆ ಸ್ವಲ್ಪ ಮಟ್ಟಿಗೆ ಎತ್ತಬಹುದು, ಸೆನ್ಸರ್ ತುಂಬಿ ಚೆಲ್ಲಿದ ಬಿಳುಪಿನಲ್ಲಿ ಮರಳಿ ಪಡೆಯಲು ಏನೂ ಇರುವುದಿಲ್ಲ.

ಕ್ಯಾಮೆರಾದ ಪರದೆಯಲ್ಲಿ ಚಿತ್ರ ಹೇಗೆ ಕಾಣುತ್ತದೆ ಎಂಬುದನ್ನು ನಂಬಬಾರದು. ಕಾಡಿನ ಮಬ್ಬಿನಲ್ಲಿ ಪರದೆ ಇರುವುದಕ್ಕಿಂತ ಪ್ರಕಾಶಮಾನವಾಗಿ ತೋರುತ್ತದೆ. ಬದಲಿಗೆ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನೋಡಬೇಕು: ಅದು ಬಲ ಅಂಚಿನ ಹತ್ತಿರಕ್ಕೆ ಬರಬೇಕು, ಆದರೆ ಅಂಚಿಗೆ ಒತ್ತಿಕೊಳ್ಳಬಾರದು. ನೀರು ಚೌಕಟ್ಟಿನ ಸಣ್ಣ ಭಾಗವಾಗಿದ್ದರೆ ಸುಟ್ಟ ಬಿಳುಪು ಹಿಸ್ಟೋಗ್ರಾಮಿನಲ್ಲಿ ತೆಳು ಗೆರೆಯಾಗಿ ಕಣ್ತಪ್ಪಬಹುದು. ಅತಿ ಬೆಳಕಾದ ಜಾಗವನ್ನು ಮಿನುಗಿಸಿ ತೋರಿಸುವ ಎಚ್ಚರಿಕೆ ಸೌಲಭ್ಯ ಆಗ ಹೆಚ್ಚು ನೆರವಾಗುತ್ತದೆ. ಚಿತ್ರವನ್ನು ರಾ ಕಡತವಾಗಿ ಉಳಿಸುವುದು ಉತ್ತಮ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮಟ್ಟಗಳಷ್ಟೇ ಇದ್ದರೆ 14 ಬಿಟ್‌ನ ರಾ ಕಡತದಲ್ಲಿ 16,384 ಮಟ್ಟಗಳಿರುತ್ತವೆ. ಬಿಳಿಯೊಳಗಿನ ಸೂಕ್ಷ್ಮ ಛಾಯೆಗಳು ಉಳಿಯುವುದು ಅಲ್ಲಿ.

ಒಂದೇ ಎಕ್ಸ್‌ಪೋಷರಿನಲ್ಲಿ ಎಲ್ಲವೂ ಸಿಗದಿದ್ದರೆ ಕ್ಯಾಮೆರಾ ಅಲುಗಿಸದೆ ಎರಡು ಚಿತ್ರ ತೆಗೆದು ಆಮೇಲೆ ಜೋಡಿಸಬಹುದು. ಇದು ಬೆಳಕಿಗಷ್ಟೇ ಸಂಬಂಧಿಸಿದ ಉಪಾಯವಲ್ಲ. ಬೀಳುವ ನೀರು ಎಬ್ಬಿಸುವ ಗಾಳಿಗೆ ಸುತ್ತಲಿನ ಎಲೆಗಳು ಸದಾ ಅಲ್ಲಾಡುತ್ತಿರುತ್ತವೆ. ನೀರಿಗಾಗಿ ಒಂದು ಸೆಕೆಂಡ್ ತೆರೆದ ಷಟರಿನಲ್ಲಿ ಅವು ಹಸಿರು ಮಬ್ಬಾಗುತ್ತವೆ. ಐಎಸ್‌ಒ ಏರಿಸಿ 1/125 ಸೆಕೆಂಡಿನಲ್ಲಿ ಎಲೆಗಳಿಗಾಗಿ ಇನ್ನೊಂದು ಚಿತ್ರ ತೆಗೆದಿಟ್ಟುಕೊಂಡರೆ ಎರಡರ ಒಳ್ಳೆಯ ಭಾಗಗಳನ್ನು ಸೇರಿಸಬಹುದು.

ತುಂತುರು, ಟ್ರೈಪಾಡ್, ಎಚ್ಚರ

ನಿಧಾನ ಷಟರಿಗೆ ಟ್ರೈಪಾಡ್ ಬೇಕು. ಅದರ ಕಾಲುಗಳನ್ನು ಮರದ ಹಲಗೆ, ತೂಗುಸೇತುವೆ, ಜನ ಒರಗುವ ಕಬ್ಬಿಣದ ಕಟಕಟೆಯ ಮೇಲಲ್ಲ, ಗಟ್ಟಿ ನೆಲದಲ್ಲಿ ಊರಬೇಕು. ಎರಡು ಸೆಕೆಂಡಿನ ಟೈಮರ್ ಹಾಕಿದರೆ ಬೆರಳ ಒತ್ತಡದ ಅಲುಗಾಟವೂ ತಪ್ಪುತ್ತದೆ. ಟ್ರೈಪಾಡ್ ಇಲ್ಲದಾಗ ಇಂದಿನ ಕ್ಯಾಮೆರಾಗಳ ಸ್ಟೆಬಿಲೈಸೇಷನ್ ನೆಚ್ಚಿ ಉಸಿರು ಬಿಗಿಹಿಡಿದು 1/8, 1/4 ಸೆಕೆಂಡಿನವರೆಗೂ ಯತ್ನಿಸಬಹುದು. ಒಂದೇ ಬಾರಿಗೆ ಹಲವು ಚಿತ್ರ ತೆಗೆದರೆ ಒಂದಾದರೂ ಮೊನಚಾಗಿ ಬರುವ ಸಂಭವ ಹೆಚ್ಚು.

ಲೆನ್ಸ್ ಮೇಲೆ ಕೂತ ತುಂತುರು ಸ್ಥಳದಲ್ಲಿ ಕಣ್ಣಿಗೆ ಬೀಳುವುದಿಲ್ಲ, ಮನೆಯಲ್ಲಿ ದೊಡ್ಡ ಪರದೆಯ ಮೇಲೆ ಮಬ್ಬು ಚುಕ್ಕೆಗಳಾಗಿ ಕಾಣುತ್ತದೆ. ಚೌಕಟ್ಟು, ಫೋಕಸ್, ಎಕ್ಸ್‌ಪೋಷರ್ ಎಲ್ಲವನ್ನೂ ಮೊದಲು ಹೊಂದಿಸಿ, ಲೆನ್ಸನ್ನು ಒಣಬಟ್ಟೆಯಿಂದ ಮುಚ್ಚಿಟ್ಟು, ಗಾಳಿ ದಿಕ್ಕು ಬದಲಿಸಿದ ಕ್ಷಣ ಬಟ್ಟೆ ತೆಗೆದು ಕ್ಲಿಕ್ಕಿಸುವುದು ಸರಳ ಉಪಾಯ. ಮೂರು ನಾಲ್ಕು ಒಣಬಟ್ಟೆ ಜೊತೆಗಿರಬೇಕು, ಏಕೆಂದರೆ ಮಲೆನಾಡಿನ ಮಳೆಗಾಲದಲ್ಲಿ ಒಮ್ಮೆ ನೆನೆದದ್ದು ಒಣಗುವುದಿಲ್ಲ.

ಪಾಚಿ ಕಟ್ಟಿದ ಬಂಡೆಯ ಮೇಲೆ, ಹರಿವಿನ ನಡುವೆ, ಜಲಪಾತದ ನೆತ್ತಿಯ ಅಂಚಿನಲ್ಲಿ ನಿಲ್ಲುವುದು ಯಾವ ಚಿತ್ರಕ್ಕೂ ತಕ್ಕ ಬೆಲೆಯಲ್ಲ. ಮೇಲಿನ ಕಾಡಿನಲ್ಲಿ ಮಳೆಯಾದರೆ ಇಲ್ಲಿ ಹನಿ ಬೀಳದಿದ್ದರೂ ನೀರು ಏಕಾಏಕಿ ಏರುತ್ತದೆ. ಅಣೆಕಟ್ಟಿನ ಕೆಳಗಂತೂ ನೀರು ಬಿಡುವ ಸೂಚನೆಯನ್ನು ಮೀರಬಾರದು. ನೀರಿನ ಬಣ್ಣ ಇದ್ದಕ್ಕಿದ್ದಂತೆ ಕದಡಿದರೆ, ಕಸಕಡ್ಡಿ ತೇಲಿಬರತೊಡಗಿದರೆ ತಕ್ಷಣ ದಡ ಸೇರಬೇಕು.

ಮೊಬೈಲ್ ಫೋನಿನಲ್ಲಿ

ಹೆಚ್ಚಿನ ಫೋನುಗಳ ಅಪರ್ಚರ್ ಬದಲಾಗುವುದಿಲ್ಲ. ಆದ್ದರಿಂದ ಅವು ನಿಧಾನ ಷಟರಿನ ಫಲವನ್ನು ಬೇರೆ ದಾರಿಯಿಂದ ಪಡೆಯುತ್ತವೆ: ಕೆಲವು ಸೆಕೆಂಡುಗಳಲ್ಲಿ ಹಲವು ಚಿತ್ರ ತೆಗೆದು ಅವುಗಳ ಸರಾಸರಿ ಕಟ್ಟುತ್ತವೆ. ನಿಂತ ಬಂಡೆ ಎಲ್ಲದರಲ್ಲೂ ಒಂದೇ ಜಾಗದಲ್ಲಿರುವುದರಿಂದ ಮೊನಚಾಗಿ ಉಳಿಯುತ್ತದೆ, ನೀರು ಮೃದುವಾಗುತ್ತದೆ. ಐಫೋನ್‌ನ ಲೈವ್ ಫೋಟೊದಲ್ಲಿ ಲಾಂಗ್ ಎಕ್ಸ್‌ಪೋಷರ್ ಆಯ್ಕೆ ಈ ಕೆಲಸ ಮಾಡುತ್ತದೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲೂ ಇಂಥ ಸೌಲಭ್ಯವಿದೆ. ಫೋನನ್ನು ಕಲ್ಲಿಗೆ ಒರಗಿಸಿದರೂ ಸಾಕು, ಅಲುಗದಿರುವುದು ಮುಖ್ಯ. ಎಕ್ಸ್‌ಪೋಷರ್‌ಗೆ ಬೆಳ್ಳನೆಯ ನೀರಿನ ಮೇಲೆ ಬೆರಳೊತ್ತಿ ಹಿಡಿದು ಲಾಕ್ ಮಾಡಿ, ಸೂರ್ಯನ ಗುರುತನ್ನು ಎಳೆದು ನೀರಿನ ಎಳೆಗಳು ಕಾಣುವಷ್ಟಕ್ಕೆ ಬೆಳಕನ್ನು ಹೊಂದಿಸಬೇಕು.

ಕೊನೆಯ ತಿದ್ದುಪಡಿ

ನೆರಳಿನಲ್ಲಿ ತೆಗೆದ ನೀರು ನೀಲಿಗೆ, ದಟ್ಟ ಕಾಡಿನೊಳಗೆ ತೆಗೆದದ್ದು ಹಸಿರಿಗೆ ವಾಲುತ್ತದೆ. ವೈಟ್ ಬ್ಯಾಲೆನ್ಸನ್ನು 6000ರಿಂದ 6500 ಕೆಲ್ವಿನ್ ಆಸುಪಾಸಿಗೆ ತಂದರೆ ನೀಲಿ ಇಳಿಯುತ್ತದೆ. ತಂಪಿನ ಭಾವಕ್ಕೆ ಬೇಕಾದ ಒಂದಿಷ್ಟನ್ನು ಉಳಿಸಿಕೊಳ್ಳಬಹುದು. ಮೊದಲು ಹೈಲೈಟ್ ತಗ್ಗಿಸಿ ನೀರಿನ ವಿವರ ಹೊರತೆಗೆದು, ನಂತರ ನೆರಳನ್ನು ತುಸುವೇ ಎತ್ತಬೇಕು. ನೆರಳನ್ನು ಅತಿಯಾಗಿ ಎತ್ತಿದರೆ ಬಂಡೆ ಬೂದಾಗಿ, ಅದರೆದುರು ನೀರಿನ ಬಿಳುಪೂ ಸಪ್ಪೆಯಾಗುತ್ತದೆ. ಹಸಿರಿನ ಗಾಢತೆ ಹೆಚ್ಚಿಸುವ ಬದಲು ಕಣ್ಣು ಕುಕ್ಕುವ ಹಳದಿ ಹಸಿರನ್ನು ಸ್ವಲ್ಪ ತಗ್ಗಿಸಿದರೆ ಮಳೆಗಾಡಿನ ಬಣ್ಣ ನಂಬುವಂತಿರುತ್ತದೆ. ಕ್ಲಾರಿಟಿಯನ್ನು ಇಡೀ ಚಿತ್ರಕ್ಕೆ ಹಾಕದೆ ಧಾರೆಯ ಮೇಲಷ್ಟೇ ಹಗುರವಾಗಿ ಬಳಸಿದರೆ ಎಳೆಗಳು ಬಿಡಿಬಿಡಿಯಾಗುತ್ತವೆ. ಕೊನೆಗೆ ನೋಡಬೇಕಾದದ್ದು ಎರಡು: ಧಾರೆಯ ಅತ್ಯಂತ ಬೆಳ್ಳಗಿನ ಜಾಗದಲ್ಲಿ ವಿವರ ಉಳಿದಿದೆಯೇ ಮತ್ತು ನೀರು ಯಾವ ಕಡೆಯಿಂದ ಯಾವ ಕಡೆಗೆ ಎಷ್ಟು ರಭಸದಿಂದ ಬೀಳುತ್ತಿದೆ ಎಂಬುದು ಚಿತ್ರದಿಂದಲೇ ತಿಳಿಯುತ್ತದೆಯೇ. ಮೊದಲನೆಯದು ಎಕ್ಸ್‌ಪೋಷರಿನ ಪರೀಕ್ಷೆ, ಎರಡನೆಯದು ಷಟರ್ ಮತ್ತು ಚೌಕಟ್ಟಿನದು.